ಮನೆ ಹತ್ತಿರ ಎಪಿಸ್ಕೋಪಲ್ ಚರ್ಚ್ ಇದೆ, ಅವ್ವನನ್ನು ಕರೆದುಕೊಂಡು ಹೋಗಬಹುದಾ?

ಪೇಡೆ_ಪ್ರಿಯ
ಎಲ್ಲರಿಗೂ ನಮಸ್ಕಾರ. ಅವ್ವ ಧಾರವಾಡದಿಂದ ಬಂದು ಮೂರು ವಾರ ಆಯಿತು. ಇನ್ನೂ ಐದು ತಿಂಗಳು ಇರುತ್ತಾಳೆ. ನಾವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಜ್ವರ ಬಂದರೂ ಸ್ವೆಟರ್ ಹಾಕಿಕೊಂಡು ಭಾನುವಾರದ ಆರಾಧನೆಗೆ ಹೋಗುವ ಪೈಕಿ ಅವಳು. ನಾನು ಇಂಜಿನಿಯರಿಂಗ್ ಸೇರಿದ ಮೇಲೆ ಬಿಟ್ಟವನು, ಮತ್ತೆ ಹೋಗಿಲ್ಲ.

ನಾವಿರುವುದು ಓಹಾಯೊದ ಒಂದು ಸಣ್ಣ ಊರು. ಸಿ.ಎಸ್.ಐ. ಸಭೆ ಅಂತ ಸಿಕ್ಕಿದ್ದು ಕಾರಿನಲ್ಲಿ ಮೂರು ತಾಸು ದೂರ, ಅಲ್ಲೂ ಆರಾಧನೆ ಮಲಯಾಳಂನಲ್ಲಿ. ಹಾಗಾಗಿ ಅವ್ವ ಶನಿವಾರ ರಾತ್ರಿ ಹನ್ನೊಂದೂವರೆಗೆ ಎದ್ದು ಕೂತು, ತಲೆ ಮೇಲೆ ಸೆರಗು ಹೊದ್ದು, ಫೋನಿನಲ್ಲಿ ಊರಿನ ಬೆಳಗಿನ ಆರಾಧನೆ ನೋಡುತ್ತಾಳೆ. ನೆಟ್ ನಿಂತರೆ ಅಲ್ಲಿಗೇ ಪ್ರಾರ್ಥನೆ ನಿಲ್ಲುತ್ತದೆ. ನೋಡೋಕೆ ಆಗುವುದಿಲ್ಲ.

ನಮ್ಮ ಬೀದಿ ಕೊನೆಯಲ್ಲಿ ಕಲ್ಲಿನ ಹಳೇ ಚರ್ಚ್ ಒಂದಿದೆ. ಕೆಂಪು ಬಾಗಿಲು. ಹೊರಗೆ ‘ಎಪಿಸ್ಕೋಪಲ್ ಚರ್ಚ್ ನಿಮ್ಮನ್ನು ಸ್ವಾಗತಿಸುತ್ತದೆ’ ಅಂತ ಬೋರ್ಡು. ಅವ್ವ ವಾಕಿಂಗ್ ಹೋದಾಗಲೆಲ್ಲ ಅದನ್ನು ಓದುತ್ತಾಳೆ. ಸುಮ್ನೆ ಒಳಗೆ ಹೋಗಿ ಕೂರಬಹುದಾ? ಏನು ಹಾಕಿಕೊಳ್ಳಬೇಕು? ಅವಳು ರಾತ್ರಿ ಭೋಜನ (ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳಬಹುದಾ? ಚಪ್ಪಲಿ ಎಲ್ಲಿ ಬಿಡಬೇಕು? ನಗಬೇಡಿ, ಅವ್ವನೇ ಕೇಳಿದ್ದು.

ಓಹಾಯೊ_ಶಾನುಭೋಗ
ಎಪಿಸ್ಕೋಪಲ್ ಅಂದರೆ ಕ್ಯಾಥೊಲಿಕ್ ಅಲ್ವಾ? ಪಾದ್ರಿಗಳು ಹಾಗೇ ನಿಲುವಂಗಿ ಹಾಕಿರುತ್ತಾರೆ.

ಇಗರ್ಜಿ_ಗಂಟೆ
ಅಲ್ಲ ಸಾರ್. ನಾವು ಕ್ಯಾಥೊಲಿಕ್‌ನವರು, ಅವರು ಬೇರೆ. ಅವರಿಗೆ ಪೋಪ್ ಇಲ್ಲ, ಪಾದ್ರಿಗಳು ಮದುವೆ ಆಗುತ್ತಾರೆ. ಆದರೆ ಒಳಗೆ ಹೋಗಿ ಕೂತರೆ ನನಗೂ ಅರ್ಧ ಗಂಟೆ ಗೊತ್ತಾಗಿರಲಿಲ್ಲ. ಬಲಿಪೂಜೆಯ ಕ್ರಮ ಅಷ್ಟು ಹತ್ತಿರ. ಆಮೇಲೆ ಪಾದ್ರಿಗಳು ‘ನನ್ನ ಹೆಂಡತಿ ನಿನ್ನೆ ಹೇಳಿದಳು’ ಅಂತ ಪ್ರಸಂಗ (ಉಪದೇಶ) ಶುರು ಮಾಡಿದರು. ಆಗ ಗೊತ್ತಾಯಿತು.

ಬಲ್ಮಠದ_ಭಾವ
ಪೇಡೆಯವರೇ, ಧೈರ್ಯವಾಗಿ ಕರೆದುಕೊಂಡು ಹೋಗಿ. ನಿಮ್ಮ ಅವ್ವನಿಗೆ ಅದು ನೆಂಟರ ಮನೆ.

ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಅಮೆರಿಕದ ಕವಲೇ ಎಪಿಸ್ಕೋಪಲ್. ಸ್ವಾತಂತ್ರ್ಯ ಯುದ್ಧ ಆದ ಮೇಲೆ ಇಂಗ್ಲೆಂಡಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡುವುದು ಹೇಗೆ ಅಂತ ಪೇಚಾಟ ಬಂತು. ಹಾಗಾಗಿ ಅವರ ಮೊದಲ ಬಿಷಪ್ ಸ್ಯಾಮುಯೆಲ್ ಸೀಬರಿ ಸ್ಕಾಟ್ಲೆಂಡಿನ ಅಬರ್ಡೀನಿಗೆ ಹೋಗಿ 1784ರಲ್ಲಿ ಅಭಿಷೇಕ ಮಾಡಿಸಿಕೊಂಡು ಬಂದರು. ‘ಎಪಿಸ್ಕೋಪಲ್’ ಅಂದರೆ ಬಿಷಪ್ ಇರುವ ಸಭೆ, ಅಷ್ಟೇ. ಗ್ರೀಕ್ ಪದ.

ನಮ್ಮ ಕಡೆ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಮೂಲದವರು ಕೂಡಿ ಸಿ.ಎಸ್.ಐ. ಆಯಿತು. ಈಗ ಅದೂ ಜಗತ್ತಿನ ಆಂಗ್ಲಿಕನ್ ಸಭೆಗಳ ಒಕ್ಕೂಟದೊಳಗೇ ಇದೆ. ಹಾಗಾಗಿ ನಿಮ್ಮ ಅವ್ವ ಅಲ್ಲಿ ರಾತ್ರಿ ಭೋಜನ ತೆಗೆದುಕೊಳ್ಳಬಹುದು, ಯಾರ ಅಪ್ಪಣೆಯೂ ಬೇಡ. ಯಾವ ಸಭೆಯವರೇ ಆಗಲಿ, ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿದ್ದರೆ ಸಾಕು ಅನ್ನುವುದು ಅವರ ನಿಯಮ.

ಚಪ್ಪಲಿ ಬಿಡಬೇಡಿ. ಓಹಾಯೊದ ಚಳಿಗೆ ಕಾಲು ಮರಗಟ್ಟುತ್ತದೆ.

ಓಹಾಯೊ_ಶಾನುಭೋಗ
ಧಾರವಾಡದವರು ಬಾಸೆಲ್ ಮಿಶನ್ ಅಲ್ವಾ? ಅದು ಜರ್ಮನ್–ಸ್ವಿಸ್ ಮಿಶನರಿಗಳದ್ದು. ಆಂಗ್ಲಿಕನ್ ಎಲ್ಲಿಂದ ಬಂತು?

ಬಲ್ಮಠದ_ಭಾವ
ಒಳ್ಳೇ ಪ್ರಶ್ನೆ. ಬಾಸೆಲ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, ಮೂರು ವರ್ಷಕ್ಕೆ ಧಾರವಾಡಕ್ಕೆ. ಆ ಸಭೆಗಳೂ ಆಮೇಲೆ ಸಿ.ಎಸ್.ಐ. ಒಳಗೆ ಬಂದವು. ಹಾಗಾಗಿ ಧಾರವಾಡದವರಿಗೆ ಆಂಗ್ಲಿಕನ್ ಪದ್ಧತಿ ತವರಿನದಲ್ಲ, ಸೋದರತ್ತೆ ಮನೆಯದು ಅಂದುಕೊಳ್ಳಿ. ನಿಲುವಂಗಿ, ಮೇಣದಬತ್ತಿ, ಮೊಣಕಾಲೂರುವುದು ಸ್ವಲ್ಪ ಜಾಸ್ತಿ ಅನ್ನಿಸಬಹುದು.

ಕಾಫಿ_ಕಷಾಯ
ಇನ್ನು ಯಾರಾದರೂ ಕಿಟ್ಟೆಲ್ ಹೆಸರು ಎತ್ತುತ್ತಾರೆ ನೋಡಿ.

ಹಳೇ_ಮೈಸೂರಿಗ
ಎತ್ತದೆ ಇರುವುದಕ್ಕೆ ಆಗುತ್ತಾ? ಕಿಟ್ಟೆಲ್ ಕನ್ನಡ–ಇಂಗ್ಲಿಷ್ ನಿಘಂಟು, 1894. ಬಾಸೆಲ್ ಮಿಶನ್‌ನವರೇ.

ಕಾಫಿ_ಕಷಾಯ
ಹೇಳಿದೆನಲ್ಲ 😀

ಸುಮ್ನೆ_ಓದುವವಳು
ನಾನು ಹಿಂದೂ, ಶಿವಮೊಗ್ಗದವಳು. ಪಿಎಚ್‌ಡಿ ಮಾಡುವಾಗ ರೂಮ್‌ಮೇಟ್ ಜೊತೆ ಎಪಿಸ್ಕೋಪಲ್ ಚರ್ಚಿಗೆ ಹೋಗಿ, ಹಾಡಿನ ಆಸೆಗೆ ಎರಡು ವರ್ಷ ಹೋದೆ. ಹಾಗಾಗಿ ಹೊಸಬರ ಪೇಚಾಟ ಪೂರ್ತಿ ಗೊತ್ತು, ಹೇಳುತ್ತೇನೆ ಕೇಳಿ.

ಮೊದಲು ಸಮಯ ನೋಡಿಕೊಳ್ಳಿ. ಬಹಳ ಕಡೆ ಭಾನುವಾರ ಎರಡು ಆರಾಧನೆ. ಬೆಳಗ್ಗೆ ಎಂಟರದ್ದಕ್ಕೆ ಹೆಚ್ಚಾಗಿ ಹಾಡು ಇರುವುದಿಲ್ಲ, ಹಳೇ ಕಾಲದ ಇಂಗ್ಲಿಷ್, ಹತ್ತಿಪ್ಪತ್ತು ಹಿರಿಯರು, ನಲವತ್ತೈದು ನಿಮಿಷಕ್ಕೆ ಮುಗಿಯುತ್ತದೆ. ಹತ್ತು, ಹತ್ತೂವರೆಯದ್ದಕ್ಕೆ ಆರ್ಗನ್, ಹಾಡುವ ತಂಡ, ಮಕ್ಕಳು ಎಲ್ಲ. ನಾನು ಹಾಡು ಕೇಳಬೇಕು ಅಂತ ಅಲಾರ್ಮ್ ಇಟ್ಟುಕೊಂಡು ಎಂಟಕ್ಕೆ ಹೋಗಿದ್ದೆ. ಒಂದು ಸ್ವರ ಇಲ್ಲ.

ಬಾಗಿಲಲ್ಲಿ ಒಬ್ಬರು ಆ ದಿನದ ಕ್ರಮ ಮುದ್ರಿಸಿದ ಮಡಿಕೆ ಕಾಗದ ಕೊಡುತ್ತಾರೆ. ಅದನ್ನು ಕೈಬಿಡಬೇಡಿ. ಬೆಂಚಿನ ಹಿಂದೆ ಎರಡು ಪುಸ್ತಕ ಇರುತ್ತವೆ. ಸಾಮಾನ್ಯವಾಗಿ ಕೆಂಪಗಿನದು ಪ್ರಾರ್ಥನೆ ಪುಸ್ತಕ, 1979ರದು. ನೀಲಿಯದು 1982ರ ಹಾಡಿನ ಪುಸ್ತಕ. ಈ ನೀಲಿ ಪುಸ್ತಕದಲ್ಲಿ ಒಂದು ಗುಂಡಿ ಇದೆ, ಎಲ್ಲ ಹೊಸಬರೂ ಬೀಳುತ್ತಾರೆ. ಕಾಗದದಲ್ಲಿ ‘ಎಸ್ 280’ ಅಂತ ಇರುತ್ತದೆ. ನಾನು 280ನೇ ಹಾಡು ತೆಗೆದು, ಬಾಯಿ ತೆರೆದು, ಪಕ್ಕದವರ ಪದ ಬೇರೆ ನನ್ನ ಪದ ಬೇರೆ ಆಗಿ ನಿಂತೆ. ‘ಎಸ್’ ಇರುವುದೆಲ್ಲ ಪುಸ್ತಕದ ಮುಂಭಾಗದಲ್ಲಿ ಬೇರೆಯಾಗಿ ಇರುತ್ತದೆ. ಪಕ್ಕದ ಅಜ್ಜಿ ಏನೂ ಮಾತಾಡದೆ ನನ್ನ ಪುಸ್ತಕ ತೆಗೆದುಕೊಂಡು ತನ್ನದನ್ನು ನನ್ನ ಕೈಗಿಟ್ಟರು. ಅವರಿಗೆ ಬಾಯಿಪಾಠ ಇತ್ತು.

ಕೂರು, ನಿಲ್ಲು, ಮೊಣಕಾಲೂರು, ಮತ್ತೆ ಕೂರು. ಮುಂದಿನವರನ್ನು ನೋಡಿ ಮಾಡಿದರೆ ಆಯಿತು. ಸುವಾರ್ತೆ ಓದುವಾಗ ಎಲ್ಲರೂ ನಿಲ್ಲುತ್ತಾರೆ. ಮೊಣಕಾಲು ನೋವಿದ್ದರೆ ಕೂತೇ ಇರಬಹುದು, ಯಾರೂ ತಿರುಗಿ ನೋಡುವುದಿಲ್ಲ. ಮೊಣಕಾಲೂರುವ ಮಡಚು ಹಲಗೆ ಮಾತ್ರ ಮೆಲ್ಲಗೆ ಇಳಿಸಿ. ನಾನು ಕೈಬಿಟ್ಟ ಸದ್ದಿಗೆ ಪಾದ್ರಿಗಳೇ ಓದುವುದು ನಿಲ್ಲಿಸಿದ್ದರು.

ಡಲ್ಲಾಸ್_ದಾಸವಾಳ
ದೀಕ್ಷಾಸ್ನಾನ ಆಗದವರು ಏನು ಮಾಡುವುದು? ಎಲ್ಲರೂ ಎದ್ದು ಹೋಗುವಾಗ ಒಬ್ಬರೇ ಕೂತರೆ ಒಂಥರಾ ಆಗಲ್ವಾ?

ಸುಮ್ನೆ_ಓದುವವಳು
ಕೂತೇ ಇರಬಹುದು, ನಾನೂ ಮೊದಲೆರಡು ವಾರ ಕೂತಿದ್ದೆ. ಇಲ್ಲವಾದರೆ ಸಾಲಿನಲ್ಲಿ ಹೋಗಿ ಎರಡೂ ಕೈ ಎದೆ ಮೇಲೆ ಅಡ್ಡ ಕಟ್ಟಿ ನಿಂತರೆ ತಲೆ ಮೇಲೆ ಕೈ ಇಟ್ಟು ಆಶೀರ್ವಾದ ಮಾಡುತ್ತಾರೆ. ನಾನು ಹಾಗೇ ಮಾಡುತ್ತಿದ್ದೆ. ಕೆಲವು ಕಡೆ ‘ಯಾರು ಬೇಕಾದರೂ ಬನ್ನಿ’ ಅಂತಲೇ ಕರೆಯುತ್ತಾರೆ, ಆದರೆ ಪುಸ್ತಕದ ನಿಯಮ ಭಾವ ಹೇಳಿದ್ದೇ.

ಪೇಡೆ_ಪ್ರಿಯ
ಅವ್ವ ವೈನ್ ಮುಟ್ಟುವುದಿಲ್ಲ. ಊರಲ್ಲಿ ನಮಗೆ ಸಣ್ಣ ಸಣ್ಣ ಲೋಟದಲ್ಲಿ ದ್ರಾಕ್ಷಿ ರಸ.

ಬಲ್ಮಠದ_ಭಾವ
ಇಲ್ಲಿ ನಿಜವಾದ ವೈನು, ಎಲ್ಲರಿಗೂ ಒಂದೇ ಬಟ್ಟಲು. ಒಬ್ಬೊಬ್ಬರು ಕುಡಿದ ಮೇಲೂ ಅಂಚು ಒರೆಸಿ ತಿರುಗಿಸುತ್ತಾರೆ. ಬೇಡದಿದ್ದರೆ ರೊಟ್ಟಿ ಮಾತ್ರ ತೆಗೆದುಕೊಂಡು ಏಳಬಹುದು. ಒಂದನ್ನೇ ತೆಗೆದುಕೊಂಡರೂ ಪೂರ್ಣ ಭೋಜನವೇ ಅಂತ ಅವರ ಬೋಧನೆ. ಅವ್ವನಿಗೆ ಅರ್ಧ ಬಿಟ್ಟ ಹಾಗೆ ಅನ್ನಿಸದಿರಲಿ ಅಂತ ಹೇಳಿದೆ. ರೊಟ್ಟಿ ಅಂದರೆ ಹೆಚ್ಚಾಗಿ ತೆಳು ಬಿಲ್ಲೆ. ಗೋಧಿ ಆಗದವರಿಗೆ ಬೇರೆ ಇಟ್ಟಿರುತ್ತಾರೆ, ಕೇಳಬೇಕು.

ಇಗರ್ಜಿ_ಗಂಟೆ
ನನ್ನಂಥ ಕ್ಯಾಥೊಲಿಕರಿಗೆ ಅವರ ಕಡೆಯಿಂದ ಅಡ್ಡಿ ಇಲ್ಲ, ನಮ್ಮ ಕಡೆಯಿಂದ ಇದೆ. ನಾನು ಕೈ ಕಟ್ಟಿ ಆಶೀರ್ವಾದ ಮಾತ್ರ ತೆಗೆದುಕೊಂಡೆ. ಇದನ್ನೂ ಯಾರಾದರೂ ಬರೆಯಬೇಕಿತ್ತು.

ಹಳೇ_ಮೈಸೂರಿಗ
ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿ ಬಾಗಿಲ ಹತ್ತಿರ ಮಳೆಬಿಲ್ಲಿನ ಬಾವುಟ ಇದೆಯಾ ನೋಡಿ. ಹೆಂಗಸರು ಪಾದ್ರಿಗಳು, ಗಂಡು–ಗಂಡು ಮದುವೆ ಎಲ್ಲ ನಡೆಯುತ್ತದೆ. ವಯಸ್ಸಾದ ತಾಯಿಯನ್ನು ಮೊದಲೇ ತಯಾರು ಮಾಡಿ ಕರೆದುಕೊಂಡು ಹೋಗಿ. ಅಲ್ಲಿ ಹೋಗಿ ಶಾಕ್ ಆಗುವುದು ಬೇಡ.

ಬಾಸ್ಟನ್_ಬದನೆ
ಹೆಂಗಸರು ಪಾದ್ರಿ ಆದರೆ ಶಾಕ್ ಯಾಕೆ ಸ್ವಾಮಿ? ಇಲ್ಲಿ 1976ರಲ್ಲೇ ಒಪ್ಪಿಕೊಂಡರು. 1989ರಲ್ಲಿ ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ಬಾರ್ಬರಾ ಹ್ಯಾರಿಸ್ ಬಿಷಪ್ ಆದರು, ಇಡೀ ಆಂಗ್ಲಿಕನ್ ಒಕ್ಕೂಟಕ್ಕೇ ಮೊದಲ ಮಹಿಳಾ ಬಿಷಪ್. ಸಿ.ಎಸ್.ಐ.ನಲ್ಲೂ 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಬಿಷಪ್ ಆದರು. ಪೇಡೆಯವರ ಅವ್ವನಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಬಾವುಟದ ವಿಷಯಕ್ಕೆ ಬರೋಣ. ನನ್ನ ತಮ್ಮ ಗೇ. ಊರಲ್ಲಿ ಯಾವ ಮದುವೆಗೂ ಹೋಗುವುದಿಲ್ಲ, ‘ನಿನ್ನದು ಯಾವಾಗ’ ಅಂತ ಕೇಳುತ್ತಾರೆ ಅಂತ. ಇಲ್ಲಿ ಅವನ ಸಂಗಾತಿ ಜೊತೆ ಎಪಿಸ್ಕೋಪಲ್ ಚರ್ಚಿಗೆ ಹೋದ. ಕಾಫಿ ಹೊತ್ತಿನಲ್ಲಿ ಒಬ್ಬ ಅಜ್ಜ ಇಬ್ಬರನ್ನೂ ನಿಲ್ಲಿಸಿ ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮಲ್ಲಿ ಯಾರಿಗಾದರೂ ಏಣಿ ಹತ್ತೋಕೆ ಬರುತ್ತಾ? ಮೇಲಿನ ಬಲ್ಬು ಹೋಗಿದೆ.’ ತಮ್ಮ ಹತ್ತಿ ಹಾಕಿದ. ಆಮೇಲಿಂದ ಬಲ್ಬು ಅವನದೇ ಕೆಲಸ.

ಹಳೇ_ಮೈಸೂರಿಗ
ನಾನು ತಪ್ಪು ಅನ್ನಲಿಲ್ಲ. ಇದೇ ವಿಷಯಕ್ಕೆ ಅವರ ಸಭೆಯೇ ಒಡೆಯಿತು, ಒಂದಷ್ಟು ಜನ ಹೊರಗೆ ಹೋಗಿ 2009ರಲ್ಲಿ ಬೇರೆ ಸಭೆ ಕಟ್ಟಿಕೊಂಡರು. ಬೋರ್ಡಿನಲ್ಲಿ ‘ಆಂಗ್ಲಿಕನ್’ ಅಂತ ಮಾತ್ರ ಇದ್ದರೆ ಅವರದ್ದಿರಬಹುದು. ಹೊಸಬರಿಗೆ ವ್ಯತ್ಯಾಸ ಗೊತ್ತಿರಲಿ ಅಂತ ಹೇಳಿದೆ, ಅಷ್ಟೇ. ಬಲ್ಬಿನ ಕಥೆ ಚೆನ್ನಾಗಿದೆ.

ಬಾಸ್ಟನ್_ಬದನೆ
ಸರಿ ಸಾರ್, ಆ ಮಾಹಿತಿ ಬೇಕಾಗಿದ್ದೇ. ಸ್ವಲ್ಪ ಬಿಸಿಯಾದೆ.

ಚಿಕಾಗೊ_ಚಕ್ಕುಲಿ
ಎಲ್ಲರೂ ಹೊಗಳುತ್ತಿದ್ದೀರಿ. ನನ್ನದು ಬೇರೆ ಅನುಭವ. ಬಂದ ಹೊಸತರಲ್ಲಿ ಒಂದು ಕಡೆ ಮೂರು ಭಾನುವಾರ ಹೋದೆ. ‘ಸ್ವಾಗತ’ ಬೋರ್ಡು ಅಲ್ಲೂ ಇತ್ತು. ಆರಾಧನೆಯಲ್ಲಿ ಕೈ ಕುಲುಕಿದವರೇ ಕಾಫಿ ಹೊತ್ತಿಗೆ ತಮ್ಮ ತಮ್ಮ ಗುಂಪಿನಲ್ಲಿ ನಿಂತರು. ನಾನು ಕಾಗದದ ಲೋಟ ಹಿಡಿದುಕೊಂಡು ಗೋಡೆ ಮೇಲಿನ ಹಳೇ ಪಾದ್ರಿಗಳ ಫೋಟೊ ಎಲ್ಲ ಓದಿದೆ. ಮೂರನೇ ವಾರ ಇಸವಿ ಸಮೇತ ಬಾಯಿಪಾಠ ಆಗಿತ್ತು. ನಾಲ್ಕನೇ ವಾರ ಹೋಗಲಿಲ್ಲ.

ಕಾಫಿ_ಕಷಾಯ
ಕಾಫಿ ಹೇಗಿತ್ತು?

ಚಿಕಾಗೊ_ಚಕ್ಕುಲಿ
ಪಾತ್ರೆ ತೊಳೆದ ನೀರು.

ಕಾಫಿ_ಕಷಾಯ
ಅದಕ್ಕೆ ಯಾವ ಸಭೆಯೂ ಹೊರತಲ್ಲ. ಕಿತ್ತಳೆ ಹಿಡಿಯ ಜಗ್ಗು ಇದ್ದರೆ ಅದು ಕೆಫೀನ್ ತೆಗೆದದ್ದು, ಅದರ ಹತ್ತಿರವೂ ಹೋಗಬೇಡಿ.

ಸುಮ್ನೆ_ಓದುವವಳು
ಚಕ್ಕುಲಿಯವರ ಮಾತಿನಲ್ಲಿ ಹುರುಳಿದೆ. ಎಪಿಸ್ಕೋಪಲ್‌ನವರು ಒಳ್ಳೆಯವರು, ಆದರೆ ಸಂಕೋಚದವರು. ಮೈಮೇಲೆ ಬೀಳುವುದಿಲ್ಲ. ಅದು ಒಬ್ಬೊಬ್ಬರಿಗೆ ನೆಮ್ಮದಿ, ಒಬ್ಬೊಬ್ಬರಿಗೆ ತಣ್ಣಗೆ ಅನ್ನಿಸುತ್ತದೆ. ನನ್ನ ಉಪಾಯ: ಕಾಫಿ ಆದ ಮೇಲೆ ಅಡುಗೆಮನೆಗೆ ಹೋಗಿ ಲೋಟ ತೊಳೆಯಲಾ ಅಂತ ಕೇಳುವುದು. ಸಿಂಕ್ ಮುಂದೆ ಎಲ್ಲರೂ ಮಾತಾಡುತ್ತಾರೆ.

ಡಲ್ಲಾಸ್_ದಾಸವಾಳ
ದುಡ್ಡು? ತಟ್ಟೆ ಬರುತ್ತದಲ್ಲ, ಎಷ್ಟು ಹಾಕಬೇಕು?

ಬಲ್ಮಠದ_ಭಾವ
ಹೊಸಬರು ತಟ್ಟೆ ದಾಟಿಸಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅಲ್ಲಿಯವರು ಹೆಚ್ಚಿನವರು ವರ್ಷಕ್ಕೆ ಇಷ್ಟು ಅಂತ ಮೊದಲೇ ಬರೆದುಕೊಟ್ಟು ಚೆಕ್ಕಿನಲ್ಲೋ ಫೋನಿನಲ್ಲೋ ಕೊಟ್ಟಿರುತ್ತಾರೆ. ಅಕ್ಟೋಬರಿನ ಹೊತ್ತಿಗೆ ಹೋದರೆ ಮಾತ್ರ ಪ್ರಸಂಗದಲ್ಲಿ ಅದರದ್ದೇ ಮಾತು, ಹೆದರಬೇಡಿ.

ಹೊಸಬರ ಕಾರ್ಡು ಕೊಡುತ್ತಾರೆ. ತುಂಬಿದರೆ ಒಂದು ಮೇಲ್ ಬರುತ್ತದೆ. ಅದಕ್ಕೇ ಸದಸ್ಯರಾಗಿಬಿಡುವುದಿಲ್ಲ. ಸದಸ್ಯರಾಗಬೇಕು ಅಂದರೆ ತರಗತಿ ಇರುತ್ತದೆ, ಬಿಷಪರು ಊರಿಗೆ ಬಂದಾಗ ತಲೆ ಮೇಲೆ ಕೈ ಇಟ್ಟು ದೃಢೀಕರಣ ಮಾಡುತ್ತಾರೆ. ಅವ್ವನಿಗೆ ಅದೇನೂ ಬೇಡ.

ಓಹಾಯೊ_ಶಾನುಭೋಗ
ಕೆಂಪು ಬಾಗಿಲು ಯಾಕೆ? ನಮ್ಮೂರಿನದ್ದಕ್ಕೂ ಕೆಂಪೇ.

ಇಗರ್ಜಿ_ಗಂಟೆ
ಕ್ರಿಸ್ತನ ರಕ್ತ ಅನ್ನುತ್ತಾರೆ. ಆಶ್ರಯ ಬೇಡಿ ಬಂದವರಿಗೆ ಗುರುತು ಅನ್ನುತ್ತಾರೆ. ಕಟ್ಟಡದ ಸಾಲ ತೀರಿದ ಮೇಲೆ ಕೆಂಪು ಬಳಿಯುತ್ತಾರೆ ಅಂತಲೂ ಒಬ್ಬರು ಹೇಳಿದ್ದರು. ಕೇಳಿದಷ್ಟು ಉತ್ತರ.

ಡಲ್ಲಾಸ್_ದಾಸವಾಳ
ವಾಷಿಂಗ್ಟನ್‌ನ ದೊಡ್ಡ ಕೆಥೆಡ್ರಲ್ ಕೂಡ ಇವರದ್ದೇ ಅಲ್ವಾ? ಮಗ ಹಟ ಮಾಡಿದ ಅಂತ ಹೋಗಿದ್ದೆವು. ಅದರ ಗೋಪುರದ ಮೇಲೆ ‘ಸ್ಟಾರ್ ವಾರ್ಸ್’ ಸಿನಿಮಾದ ಖಳ ಡಾರ್ತ್ ವೇಡರ್ ತಲೆ ಕೆತ್ತಿದ್ದಾರೆ! ದುರ್ಬೀನು ಇಲ್ಲದೆ ಕಾಣುವುದಿಲ್ಲ. ಕತ್ತು ನೋವು ಬಂತು.

ಚಿಕಾಗೊ_ಚಕ್ಕುಲಿ
ನಮ್ಮ ಕನ್ನಡ ಕೂಟದವರು ಒಂದು ವರ್ಷ ಯುಗಾದಿಗೆ ಇಂಥದ್ದೇ ಚರ್ಚಿನ ನೆಲಮಾಳಿಗೆ ಹಾಲ್ ಬಾಡಿಗೆಗೆ ಹಿಡಿದಿದ್ದರು. ಒಗ್ಗರಣೆ ಹಾಕಿದ ಹೊಗೆಗೆ ಅಲಾರ್ಮ್ ಕೂಗಿ ಅಗ್ನಿಶಾಮಕದವರು ಬಂದರು. ಅವರಿಗೂ ಒಬ್ಬಟ್ಟು ಕೊಟ್ಟು ಕಳಿಸಿದೆವು. ಮುಂದಿನ ವರ್ಷವೂ ಹಾಲ್ ಕೊಟ್ಟರು, ‘ಒಲೆ ಬಳಸುವಂತಿಲ್ಲ’ ಅಂತ ಬೋರ್ಡು ಹಾಕಿ.

ನಿರ್ವಾಹಕ
ವಿಷಯಕ್ಕೆ ಬರೋಣವೇ? ಪೇಡೆಯವರೇ, ಹೋಗಿ ಬಂದು ಹೇಳಿ.

ಪೇಡೆ_ಪ್ರಿಯ
ಹೋಗಿ ಬಂದೆವು. ಈಗಷ್ಟೇ ಊಟ ಆಯಿತು, ಮರೆಯುವ ಮೊದಲು ಬರೆಯುತ್ತೇನೆ.

ಅವ್ವ ಇಳಕಲ್ ಸೀರೆ ಉಟ್ಟು, ಮೇಲೆ ನನ್ನ ಚಳಿ ಕೋಟು ಹಾಕಿಕೊಂಡಳು. ಬಾಗಿಲಲ್ಲಿ ನಿಂತಿದ್ದವರು ಕಾಗದ ಕೊಟ್ಟು ‘ಎಲ್ಲಿ ಬೇಕಾದರೂ ಕೂತುಕೊಳ್ಳಿ’ ಅಂದರು. ನಾನು ಕೊನೆ ಬೆಂಚು ಹುಡುಕುವಷ್ಟರಲ್ಲಿ ಅವ್ವ ಎರಡನೇ ಸಾಲಿಗೆ ಹೋಗಿ ಕೂತಿದ್ದಳು, ಊರಲ್ಲಿ ಕೂರುವ ಎಡಗಡೆಗೇ.

ಇಡೀ ಆರಾಧನೆಯಲ್ಲಿ ಹೊಸಬ ಅಂದರೆ ನಾನೊಬ್ಬನೇ. ಎಸ್ 280 ಗುಂಡಿಗೆ ನಾನೂ ಬಿದ್ದೆ, ನೀವು ಹೇಳಿದ ಮೇಲೂ! ಅವ್ವ ಪುಸ್ತಕ ತೆರೆಯಲೇ ಇಲ್ಲ. ಇಂಗ್ಲಿಷ್ ಅವಳಿಗೆ ಅಷ್ಟಕ್ಕಷ್ಟೆ, ಆದರೆ ಯಾವುದರ ಆಮೇಲೆ ಯಾವುದು ಅಂತ ಪೂರ್ತಿ ಗೊತ್ತು. ಅವರು ಕರ್ತನ ಪ್ರಾರ್ಥನೆ ಇಂಗ್ಲಿಷಿನಲ್ಲಿ ಹೇಳುವಾಗ ಇವಳು ಕನ್ನಡದಲ್ಲಿ ಹೇಳಿ ಅವರಿಗಿಂತ ಒಂದು ಸಾಲು ಮೊದಲೇ ‘ಆಮೆನ್’ ಅಂದಳು. ಎರಡನೇ ಹಾಡಿನ ರಾಗ ಊರಿನದ್ದೇ ಆಗಿತ್ತು. ಜೋರಾಗಿ ಕನ್ನಡದಲ್ಲೇ ಹಾಡಿದಳು. ಮುಂದಿನ ಸಾಲಿನವರು ತಿರುಗಿ ನೋಡಿ ನಕ್ಕರು, ಒಳ್ಳೇ ನಗು.

ಪಾದ್ರಿ ಹೆಂಗಸು. ಪ್ರಸಂಗ ಹನ್ನೆರಡು ನಿಮಿಷ. ಅವ್ವನ ದೂರು ಇದೊಂದೇ: ‘ಇಷ್ಟ ಲಗೂ ಮುಗಿಸಿದ್ರ ಹೆಂಗ?’

ಆಮೇಲೆ ಎಲ್ಲರೂ ಎದ್ದು ಒಬ್ಬರಿಗೊಬ್ಬರು ‘ಸಮಾಧಾನ’ ಹೇಳುವ ಹೊತ್ತು. ಜನ ಬೆಂಚು ಬಿಟ್ಟು ಓಡಾಡಿ ಕೈ ಕುಲುಕುತ್ತಾರೆ, ಸಂತೆ ಥರ. ಪಕ್ಕದ ಅಜ್ಜಿ ಕೈ ಚಾಚಿದರು. ಅವ್ವ ತನ್ನ ಎರಡೂ ಅಂಗೈ ಜೋಡಿಸಿ ಅವರ ಕೈಯನ್ನು ನಡುವೆ ಹಿಡಿದುಕೊಂಡಳು, ನಮ್ಮ ಸಭೆಯಲ್ಲಿ ಕೊಡುವ ಹಾಗೆ. ಅಜ್ಜಿ ಒಂದು ಕ್ಷಣ ನಿಂತು, ತಮ್ಮ ಇನ್ನೊಂದು ಕೈಯನ್ನೂ ಅದರ ಮೇಲೆ ಇಟ್ಟರು. ನನಗೆ ಹನ್ನೆರಡು ವರ್ಷ ಆಗಿತ್ತು ಅದನ್ನು ನೋಡಿ.

ಬಲ್ಮಠದ_ಭಾವ
ಒಂದು ವಿಷಯ ಗೊತ್ತಾ? ಆ ‘ಸಮಾಧಾನ’ ಕೊಡುವುದನ್ನು ಸಿ.ಎಸ್.ಐ. 1950ರ ತನ್ನ ಆರಾಧನಾ ಕ್ರಮದಲ್ಲೇ ಮತ್ತೆ ತಂದಿತ್ತು. ಅದನ್ನು ನೋಡಿ ಹೊರಗಿನ ಸಭೆಗಳು ಕಲಿತವು. ಅಮೆರಿಕದ ಪುಸ್ತಕ ಬಂದದ್ದು 1979ರಲ್ಲಿ. ಅಂದರೆ ಅವ್ವ ಅಲ್ಲಿ ಮಾಡಿದ್ದು ಮೂಲ, ಅವರದ್ದು ನಕಲು.

ಇಗರ್ಜಿ_ಗಂಟೆ
ಜಾಸ್ತಿ ಆಯಿತು ಭಾವ. ಮೊದಲ ಶತಮಾನಗಳ ಕ್ರೈಸ್ತರಿಂದಲೂ ಇದ್ದದ್ದು ಅದು. ನಮ್ಮವರೂ ಎರಡನೇ ವ್ಯಾಟಿಕನ್ ಮಹಾಸಭೆಯ (ಕ್ಯಾಥೊಲಿಕ್ ಬಿಷಪರ ಸಮ್ಮೇಳನದ) ನಂತರ ಜನರ ನಡುವೆ ತಂದರು.

ಬಲ್ಮಠದ_ಭಾವ
ಮೂಲ ಅಂದದ್ದು ವಾಪಸು ತೆಗೆದುಕೊಂಡೆ. ಮೊದಲು ನೆನಪಿಸಿದ್ದು ನಾವು. ಇದನ್ನು ಬಿಡುವುದಿಲ್ಲ.

ಚಿಕಾಗೊ_ಚಕ್ಕುಲಿ
ಕಾಫಿ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರಾ?

ಪೇಡೆ_ಪ್ರಿಯ
ಐದು ನಿಮಿಷ ನಾನೂ ಗೋಡೆ ಫೋಟೊ ನೋಡಿದೆ, ನಿಮ್ಮ ನೆನಪಾಯಿತು. ಅಷ್ಟರಲ್ಲಿ ಅವ್ವ ಕಾಣಲಿಲ್ಲ. ಹುಡುಕಿದರೆ ಅಡುಗೆಮನೆಯಲ್ಲಿ ಸೆರಗು ಸಿಕ್ಕಿಸಿಕೊಂಡು ಅದೇ ಅಜ್ಜಿ ಜೊತೆ ಲೋಟ ಒರೆಸುತ್ತಿದ್ದಳು. ಇವಳ ಕನ್ನಡ ಅವರಿಗೆ ಬರದು, ಅವರ ಇಂಗ್ಲಿಷ್ ಇವಳಿಗೆ ಅರ್ಧ. ಮಾತು ಮಾತ್ರ ನಿಂತಿರಲಿಲ್ಲ. ಅಜ್ಜಿ ಮುಂದಿನ ವಾರ ಕಾರಿನಲ್ಲಿ ಬಂದು ಕರೆದೊಯ್ಯುತ್ತಾರಂತೆ. ನೀನು ಬೇಕಾದರೆ ಬಾ ಅಂದಳು ಅವ್ವ ನನಗೆ.

ಈಗ ಹೊಸ ಸಮಸ್ಯೆ. ಎರಡು ವಾರ ಬಿಟ್ಟು ಕಾಫಿ ಜೊತೆ ತಿಂಡಿ ತರುವ ಪಟ್ಟಿಯಲ್ಲಿ ಹೆಸರು ಬರೆಸಿ ಬಂದಿದ್ದಾಳೆ. ಅರವತ್ತು ಜನಕ್ಕೆ ಉಪ್ಪಿಟ್ಟು. ರವೆ ಎಷ್ಟು ಬೇಕು?

ಸುಮ್ನೆ_ಓದುವವಳು
ಕಾಫಿ ಜೊತೆ ಅವರು ತಿನ್ನುವುದು ಸ್ವಲ್ಪವೇ, ಮೂರು ಕೆಜಿ ಸಾಕು. ಹಸಿಮೆಣಸಿನಕಾಯಿ ಕಮ್ಮಿ ಮಾಡಿ. ಗೋಡಂಬಿ ಹಾಕಿದರೆ ಪಕ್ಕದಲ್ಲಿ ಚೀಟಿ ಇಡಿ, ಅಲರ್ಜಿ ಇರುವವರು ಇರುತ್ತಾರೆ.

ಚಿಕಾಗೊ_ಚಕ್ಕುಲಿ
ಒಗ್ಗರಣೆ ಮನೆಯಲ್ಲೇ ಹಾಕಿಕೊಂಡು ಹೋಗಿ. ದಯವಿಟ್ಟು.